ಮನೆಯ ಶುಗರ್ ಮಿಷನ್ ಒಂದು ಹೇಳುತ್ತೆ, ಮೂರು ತಿಂಗಳ ಟೆಸ್ಟ್ ಇನ್ನೊಂದು: ತಪ್ಪು ಎಲ್ಲಿದೆ ಅಂತ ಹುಡುಕೋದು ಹೇಗೆ?

ತಿಪಟೂರಿನ ನಮ್ಮ ಔಷಧಿ ಅಂಗಡಿಯ ಕೌಂಟರಿಗೆ ವಾರಕ್ಕೊಂದಾದರೂ ಗ್ಲೂಕೋಮೀಟರ್ ಬಂದು ಕೂರುತ್ತದೆ. “ಈ ಮಿಷನ್ ಸುಳ್ಳು ಹೇಳ್ತದೆ ಕಣಪ್ಪ, ಬೇರೆ ಕೊಡು” ಅಂತ ತಕರಾರು. ಈಚೆಗೆ ಅದರ ಜೊತೆ ಇನ್ನೊಂದು ಡಬ್ಬಿಯೂ ಬರತೊಡಗಿದೆ. ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ತರಿಸಿಕೊಟ್ಟ, ಮನೆಯಲ್ಲೇ ‘ಮೂರು ತಿಂಗಳ ಶುಗರ್’ ನೋಡುವ ಎಚ್‌ಬಿಎ1ಸಿ ಕಿಟ್ ಅದು. ಇಷ್ಟು ವರ್ಷದಲ್ಲಿ ನಿಜವಾಗಿ ಕೆಟ್ಟುಹೋಗಿದ್ದ ಮಿಷನ್ ನಾನು ನೋಡಿದ್ದು ಬೆರಳೆಣಿಕೆಯಷ್ಟು. ಮಿಕ್ಕಿದ್ದರಲ್ಲೆಲ್ಲ ತಪ್ಪು ಕೈಯಲ್ಲಿತ್ತು, ರಕ್ತದ ಹನಿ ಮುಟ್ಟಿಸುವ ಸ್ಟ್ರಿಪ್ಪಿನಲ್ಲಿತ್ತು, ಚುಚ್ಚಿಕೊಂಡ ಹೊತ್ತಿನಲ್ಲಿತ್ತು. ಅಪರೂಪಕ್ಕೆ ರಕ್ತದಲ್ಲೇ ಇತ್ತು. ನಾನು ಹುಡುಕುವುದೂ ಅದೇ ಕ್ರಮದಲ್ಲಿ. ಖರ್ಚಿಲ್ಲದ್ದು ಮೊದಲು, ದುಡ್ಡು ಕೇಳುವುದು ಕೊನೆಗೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಗ್ಲೂಕೋಮೀಟರ್ ಹೇಳುವುದು ಈ ಗಳಿಗೆಯ ಮಾತು. ಎಚ್‌ಬಿಎ1ಸಿ, ಚಿಕ್ಕದಾಗಿ ಎ1ಸಿ, ಹೇಳುವುದು ಹಳೇ ಲೆಕ್ಕ. ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿಕೊಳ್ಳುತ್ತದೆ, ಅಂಟಿದ್ದು ಕಣ ಸಾಯುವವರೆಗೂ ಬಿಡುವುದಿಲ್ಲ. ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ನೂರರಲ್ಲಿ ಎಷ್ಟು ಪಾಲು ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿದೆ ಅಂತ ನೋಡಿದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಅದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಡಾಕ್ಟರ ಹತ್ತಿರ ಹೋಗುವ ಮೂರು ದಿನ ಮುಂಚೆ ಪಥ್ಯ ಶುರುಮಾಡುವ ನಮ್ಮ ಜನರ ಉಪಾಯವೂ ಅದರ ಮುಂದೆ ನಡೆಯುವುದಿಲ್ಲ.

ಮನುಷ್ಯ ಸರಿಯಿಲ್ಲದಿದ್ದರೆ ಮಿಷನ್ ರಿಪೇರಿಗೆ ಕೂರಬೇಡಿ

ಬೆವರು, ಕೈನಡುಕ, ತೊದಲು ಮಾತು, ಮಂಕು, ಇದ್ದಕ್ಕಿದ್ದಂತೆ ಸಿಡುಕು ಕಂಡರೆ ಶುಗರ್ ಇಳಿದಿದೆ ಎಂದೇ ತಿಳಿಯಿರಿ. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರಂತೂ ಅನುಮಾನವೇ ಬೇಡ. ಮೀಟರ್ ಕೈಗೆ ಸಿಗದಿದ್ದರೂ ಕಾಯಬೇಡಿ: ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಇಲ್ಲೊಂದು ಸೂಕ್ಷ್ಮವಿದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ ಮಾತ್ರೆ ತಗೊಳ್ಳುವವರಿಗೆ ಅಡುಗೆಮನೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಸಕ್ಕರೆ ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತದೆ. ಅವರ ಮನೆಯಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇರಲೇಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಇದರ ಉಲ್ಟಾ ಕೂಡ ಇದೆ. ಮಿಷನ್ 300ರ ಮೇಲೆ ತೋರಿಸುತ್ತಿದೆ; ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಲ್ಲಿ ಹಣ್ಣು ಕೊಳೆತಂಥ ವಾಸನೆ ಇದ್ದರೆ ಅವತ್ತೇ ಆಸ್ಪತ್ರೆ. ಹೆಸರು ‘ಗ್ಲಿಫ್ಲೋಜಿನ್’ ಅಂತ ಮುಗಿಯುವ ಮಾತ್ರೆ (ಡಾಪಾ, ಎಂಪಾ ಅಂತ ಶುರುವಾಗುತ್ತವಲ್ಲ, ಅವು) ನುಂಗುವವರಿಗೆ ಶುಗರ್ 200 ಇದ್ದಾಗಲೂ ಇದೇ ಅಪಾಯ ಬರಬಹುದು. ಅಂಥವರು ವಾಂತಿ ನಿಲ್ಲದಿದ್ದರೆ ನಂಬರ್ ನೋಡಿ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ.

ಮಿಷನ್ ‘ಹಾಯ್’ ಅಂತಿದೆ ಅಂತ ನಗುತ್ತಾ ಬಂದವರೊಬ್ಬರಿದ್ದರು. ಅದು ಹಾಯ್ ಅಲ್ಲ, ‘ಹೈ’. ಬಹುಪಾಲು ಮೀಟರುಗಳಲ್ಲಿ ಅದರರ್ಥ 600 ದಾಟಿದೆ, ನನ್ನ ಕೈಲಿ ಅಳೆಯಲಾಗದು ಅಂತ. ‘ಲೋ’ ಅಂದರೆ 20ಕ್ಕಿಂತ ಕೆಳಗೆ. ಕೈ ತೊಳೆದು ಒಮ್ಮೆ ಮಾತ್ರ ಮತ್ತೆ ನೋಡಿ. ಮತ್ತೆ ‘ಹೈ’ ಅಂದರೆ ಆಸ್ಪತ್ರೆಗೆ ಹೊರಡಿ. ‘ಲೋ’ ಅಂದು ಆಳೂ ಮಂಕಾಗಿದ್ದರೆ ಎರಡನೇ ಸಲ ಚುಚ್ಚುತ್ತಾ ಕೂರಬೇಡಿ, ಮೊದಲು ಸಕ್ಕರೆ ನೀರು.

“ಏನೂ ತಿಂದಿಲ್ಲ, ಆದ್ರೂ 312 ಬಂತು”

ಒಂದು ಯುಗಾದಿಯ ಬೆಳಿಗ್ಗೆ ಹತ್ತೂವರೆಗೆ ನಮ್ಮ ಚಿಕ್ಕಮ್ಮನ ಫೋನು. ಗಂಟಲು ಕಟ್ಟಿತ್ತು. “ಒಂದೇ ಒಂದು ಒಬ್ಬಟ್ಟು ಮುಟ್ಟಿಲ್ಲ ಕಣೋ, ತಿಂಡಿಗೆ ಎರಡೇ ಇಡ್ಲಿ. 312 ತೋರಿಸ್ತಿದೆ.” ಮನೆ ಹತ್ತಿರವೇ ಇತ್ತು, ಹೋದೆ. ಒಬ್ಬಟ್ಟು ತಿಂದಿರಲಿಲ್ಲ, ನಿಜ. ಆದರೆ ಬೆಳಿಗ್ಗೆಯಿಂದ ಹೂರಣ ರುಬ್ಬಿ ಉಂಡೆ ಕಟ್ಟುತ್ತಿದ್ದದ್ದು ಅವರೇ. ಕೈಯನ್ನು ಸೆರಗಿಗೆ ಒರೆಸಿಕೊಂಡು ಬೆರಳು ಚುಚ್ಚಿಕೊಂಡಿದ್ದರು. ಉಗುರಿನ ಸಂದಿಯಲ್ಲಿ ಬೆಲ್ಲದ ಪಾಕ ಇನ್ನೂ ಹೊಳೆಯುತ್ತಿತ್ತು. ಬಚ್ಚಲಿಗೆ ಕರೆದುಕೊಂಡು ಹೋಗಿ ಸೋಪು ಹಾಕಿ ತೊಳೆಸಿ, ಒಣ ಟವೆಲ್ಲಿನಲ್ಲಿ ಒರೆಸಿ, ಇನ್ನೊಂದು ಕೈಯ ಬೆರಳಲ್ಲಿ ನೋಡಿದೆವು. 148.

ಸ್ಟ್ರಿಪ್ ಹೀರಿಕೊಳ್ಳುವುದು ಒಂದು ಸಾಸಿವೆ ಕಾಳಿಗಿಂತ ಚಿಕ್ಕ ಹನಿ. ಅದರೊಳಗೆ ಚರ್ಮದ ಮೇಲಿದ್ದ ಒಂದು ಚೂರು ಬೆಲ್ಲ, ಮಾವಿನಹಣ್ಣಿನ ರಸ, ಹಲಸಿನ ತೊಳೆಯ ಅಂಟು ಸೇರಿದರೆ ಸಾಕು, ನಂಬರ್ ಎರಡರಷ್ಟಾಗುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಕ್ಕರೆ ಹೋಗುತ್ತದೆ ಅನ್ನುವ ನಂಬಿಕೆ ಬಹಳ ಜನಕ್ಕಿದೆ. ಸರಿಯಾಗಿ ಹೋಗುವುದಿಲ್ಲ, ನೀರು ಸೋಪು ಬೇಕು. ಸ್ಪಿರಿಟ್ ಆರುವ ಮುಂಚೆ ಚುಚ್ಚಿದರೆ ಅದೂ ಹನಿಗೆ ಬೆರೆಯುತ್ತದೆ. ತೊಳೆಯಲು ನೀರೇ ಇಲ್ಲ, ಬಸ್ಸಿನಲ್ಲಿದ್ದೀರಿ ಅನ್ನಿ: ಮೊದಲ ಹನಿ ಒರೆಸಿ ಬಿಸಾಡಿ, ಎರಡನೆಯದನ್ನು ಸ್ಟ್ರಿಪ್ಪಿಗೆ ಮುಟ್ಟಿಸಿ.

ಕೈ ಶುದ್ಧವಿದ್ದೂ ಹೆಚ್ಚು ಬಂದರೆ ನನ್ನ ಮುಂದಿನ ಪ್ರಶ್ನೆ ಸ್ಟ್ರಿಪ್ ಡಬ್ಬಿ ಎಲ್ಲಿಟ್ಟಿದ್ದೀರಿ ಅನ್ನುವುದು. ಒಲೆ ಪಕ್ಕದ ಗೂಡು, ಬಚ್ಚಲ ಕಿಟಕಿ, ಸ್ಕೂಟರಿನ ಡಿಕ್ಕಿ, ಫ್ರಿಜ್ಜು. ನಾಲ್ಕೂ ತಪ್ಪು. ಸ್ಟ್ರಿಪ್ಪಿನ ತುದಿಯಲ್ಲಿ ಕಿಣ್ವವಿರುತ್ತದೆ, ತೇವಕ್ಕೂ ಬಿಸಿಲಿಗೂ ಅದು ಸಾಯುತ್ತದೆ. ಸಕಲೇಶಪುರದ ಕಡೆ ಜುಲೈ ತಿಂಗಳಲ್ಲಿ ಉಪ್ಪಿನ ಡಬ್ಬಿಯೇ ನೀರಾಗುವಾಗ ಮುಚ್ಚಳ ತೆರೆದಿಟ್ಟ ಸ್ಟ್ರಿಪ್ ಉಳಿದೀತೇ? ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗಂತೂ ಕೇಳಲೇಬೇಡಿ. ಬಹುತೇಕ ಸ್ಟ್ರಿಪ್ ಡಬ್ಬಿಗಳ ಮೇಲೆ 30 ಡಿಗ್ರಿ ಆಸುಪಾಸಿನ ಮಿತಿ ಅಚ್ಚಾಗಿರುತ್ತದೆ. ಒಂದು ಸ್ಟ್ರಿಪ್ ತೆಗೆದ ತಕ್ಷಣ ಮುಚ್ಚಳ ಟಪ್ಪೆಂದು ಮುಚ್ಚಬೇಕು, ಸ್ಟ್ರಿಪ್ಪುಗಳನ್ನು ಬೇರೆ ಡಬ್ಬಿಗೆ ತುಂಬಬಾರದು. ಎಕ್ಸ್‌ಪೈರಿ ತಾರೀಕು ಎರಡಿರುತ್ತವೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಅಚ್ಚಾದದ್ದು, ಇನ್ನೊಂದು ಮುಚ್ಚಳ ತೆರೆದ ದಿನದಿಂದ ಎಣಿಸಬೇಕಾದದ್ದು, ಕಂಪನಿಗೆ ತಕ್ಕಂತೆ ಮೂರು ತಿಂಗಳು, ಆರು ತಿಂಗಳು ಹೀಗೆ. ಡಬ್ಬಿ ತೆರೆದ ದಿನವೇ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆದುಬಿಡಿ. ದಿನಕ್ಕೊಂದು ಸಲವೂ ನೋಡದವರು 50ರ ಡಬ್ಬಿ ಬಿಟ್ಟು 25ರದ್ದು ಕೊಳ್ಳಿ ಅಂತ ಹೇಳುತ್ತೇನೆ. ವ್ಯಾಪಾರಕ್ಕೆ ನಷ್ಟ, ಇರಲಿ.

ಇಷ್ಟಾದರೂ ಅನುಮಾನ ಹೋಗದಿದ್ದರೆ ‘ಕಂಟ್ರೋಲ್ ಸಲ್ಯೂಷನ್’ ಅಂತ ಒಂದು ಚಿಕ್ಕ ಬಾಟಲಿ ಬರುತ್ತದೆ, ಅದೇ ಕಂಪನಿಯದು. ರಕ್ತದ ಬದಲು ಅದರ ಒಂದು ಹನಿ ಹಾಕಿದರೆ ಬರುವ ನಂಬರ್, ಸ್ಟ್ರಿಪ್ ಡಬ್ಬಿಯ ಮೇಲೆ ಅಚ್ಚಾದ ಎರಡು ಅಂಕಿಗಳ ನಡುವೆ ಇರಬೇಕು. ಇದ್ದರೆ ಮಿಷನ್ನೂ ಸ್ಟ್ರಿಪ್ಪೂ ಸರಿ. ಇಲ್ಲದಿದ್ದರೆ ಹೊಸ ಸ್ಟ್ರಿಪ್ ಡಬ್ಬಿಯಿಂದ ಇನ್ನೊಮ್ಮೆ ನೋಡಿ, ಆಮೇಲೆ ಮಿಷನ್ ಮೇಲೆ ಬೈಗುಳ.

“ಐದು ನಿಮಿಷದಲ್ಲಿ ಎರಡು ಸಲ ನೋಡಿದೆ, ಎರಡು ನಂಬರ್”

162 ಮತ್ತು 174 ಬಂದಿದ್ದರೆ ಯಾವ ತಪ್ಪೂ ಇಲ್ಲ. ಮನೆ ಮೀಟರುಗಳಿಗೆ ಇರುವ ಅಂತರರಾಷ್ಟ್ರೀಯ ಗುಣಮಟ್ಟ, ಐಎಸ್‌ಒ 15197ರ 2013ರ ಆವೃತ್ತಿ ಹೇಳುವುದಿಷ್ಟು: ಲ್ಯಾಬಿನ ಸಂಖ್ಯೆ 100 ಅಥವಾ ಅದಕ್ಕಿಂತ ಮೇಲಿದ್ದರೆ ಮೀಟರ್ ಶೇಕಡಾ 15ರಷ್ಟು, 100ಕ್ಕಿಂತ ಕೆಳಗಿದ್ದರೆ 15 ಅಂಕದಷ್ಟು ಅತ್ತಿತ್ತ ಇರಬಹುದು, ನೂರಕ್ಕೆ 95 ಸಲ ಆ ಮಿತಿಯೊಳಗೆ ಬಂದರೆ ಪಾಸ್. ಅಂದರೆ ನಿಜವಾದ ಶುಗರ್ 200 ಇದ್ದರೆ ಮೀಟರ್ 170 ಅಂದರೂ 230 ಅಂದರೂ ಆ ಗುಣಮಟ್ಟದ ಪ್ರಕಾರ ಅದು ಒಳ್ಳೆಯ ಮೀಟರೇ. ಹತ್ತು ಇಪ್ಪತ್ತು ಅಂಕಕ್ಕೆ ತಲೆ ಕೆಡಿಸಿಕೊಂಡು ಒಂದೇ ಬೆಳಿಗ್ಗೆ ನಾಲ್ಕು ಸ್ಟ್ರಿಪ್ ಸುಡುವವರನ್ನು ಕಂಡರೆ ನನಗೆ ಸಂಕಟ.

ಐವತ್ತರವತ್ತು ಅಂಕದ ವ್ಯತ್ಯಾಸವಾದರೆ ಬೆರಳು ಹಿಂಡಿದ್ದೀರಾ ಅಂತ ನೆನಪಿಸಿಕೊಳ್ಳಿ. ಎಮ್ಮೆ ಕೆಚ್ಚಲು ಹಿಂಡಿದ ಹಾಗೆ ಹಿಂಡಿದರೆ ರಕ್ತದ ಜೊತೆ ಮಾಂಸದ ನೀರೂ ಬರುತ್ತದೆ, ಹನಿ ತೆಳುವಾಗುತ್ತದೆ. ಕೈ ತಣ್ಣಗಿದ್ದರೆ ಬಿಸಿನೀರಲ್ಲಿ ಒಂದು ನಿಮಿಷ ಇಡಿ, ತೋಳು ಜೋತುಬಿಟ್ಟು ಅಲುಗಾಡಿಸಿ, ಬೆರಳ ತುದಿಯ ಮಧ್ಯ ಬಿಟ್ಟು ಪಕ್ಕದಲ್ಲಿ ಚುಚ್ಚಿ. ನೋವೂ ಕಮ್ಮಿ, ರಕ್ತವೂ ತಾನೇ ಬರುತ್ತದೆ.

ಎರರ್ ಬರುತ್ತೆ, ಕಿಟ್ ಓಡೋದೇ ಇಲ್ಲ

ಗ್ಲೂಕೋಮೀಟರಿನಲ್ಲಿ ಎರರ್ ಬಂದರೆ ಬಹಳ ಸಲ ರಕ್ತ ಸಾಲದೆ ಇರುತ್ತದೆ, ಇಲ್ಲವೇ ಬ್ಯಾಟರಿ. ಮೊದಲು ಬಂದ ಹನಿ ಸಾಲಲಿಲ್ಲ ಅಂತ ಅದೇ ಸ್ಟ್ರಿಪ್ಪಿಗೆ ಇನ್ನೊಂದು ಹನಿ ಸೇರಿಸಬೇಡಿ. ಹಳೇ ಮಾದರಿಯ ಮೀಟರಾದರೆ ಹೊಸ ಡಬ್ಬಿಯ ಜೊತೆ ಬಂದ ಕೋಡ್ ಚಿಪ್ ಬದಲಿಸಿದ್ದೀರಾ ನೋಡಿ. ಇದರಲ್ಲಿ ಎರರ್ ಕಾಣದೆ ನಂಬರ್ ಮಾತ್ರ ತಪ್ಪಾಗಿ ಬರುವುದೂ ಉಂಟು.

ಎ1ಸಿ ಕಿಟ್ ಇನ್ನೂ ನಾಜೂಕು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ತಮ್ಮದನ್ನು ಫ್ರಿಜ್ಜಿನಿಂದ ತೆಗೆದವರೇ ಹಾಗೇ ಶುರುಮಾಡಿ ಎರಡು ಕಾರ್ಟ್ರಿಜ್ (ಒಂದು ಪರೀಕ್ಷೆಗೆ ಒಂದರಂತೆ ಮಿಷನ್ನಿಗೆ ಹಾಕುವ ತುಂಡು) ಹಾಳುಮಾಡಿದರು. ಒಂದೊಂದರ ಬೆಲೆ ನೆನೆದು ಮೂರು ದಿನ ಬೇಜಾರಲ್ಲಿದ್ದರು. ಈ ಕಿಟ್ಟುಗಳಲ್ಲಿ ಹಲವನ್ನು ಫ್ರಿಜ್ಜಿನಲ್ಲಿ (ಫ್ರೀಜರಿನಲ್ಲಲ್ಲ) ಇಡಬೇಕು ನಿಜ, ಆದರೆ ಪೊಟ್ಟಣ ಒಡೆಯುವ ಮುಂಚೆ ಅದು ಕೋಣೆಯ ಬಿಸಿಗೆ ಬರಬೇಕು. ಎಷ್ಟು ಹೊತ್ತು ಅಂತ ಒಳಗಿನ ಕಾಗದದಲ್ಲಿ ಬರೆದಿರುತ್ತದೆ. ಒಂದು ಪ್ರಚಲಿತ ಬಗೆಯ ಕಿಟ್ ಓಡುವುದು 18ರಿಂದ 28 ಡಿಗ್ರಿಯೊಳಗೆ ಮಾತ್ರ. ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಅದು ಎರರ್ ತೋರಿಸಿದರೆ ಆಶ್ಚರ್ಯವಿಲ್ಲ, ಬೆಳಗಿನ ಜಾವ ನೋಡಿ. ಪೊಟ್ಟಣ ಒಡೆದ ಮೇಲೆ ಅರ್ಧಕ್ಕೆ ಬಿಟ್ಟು ಹಾಲು ಉಕ್ಕಿತೆಂದು ಓಡುವ ಹಾಗಿಲ್ಲ. ಸಣ್ಣ ನಳಿಕೆಯಲ್ಲಿ ರಕ್ತ ಪೂರ್ತಿ ತುಂಬಬೇಕು, ಗಾಳಿಗುಳ್ಳೆ ಇರಬಾರದು, ಹೊರಮೈಗೆ ಹತ್ತಿದ್ದನ್ನು ಒರೆಸಬೇಕು, ದ್ರವದೊಳಗೆ ಹೇಳಿದಷ್ಟು ಸಲ ಕುಲುಕಬೇಕು, ಆಮೇಲೆ ಮಿಷನ್ನನ್ನು ಮಟ್ಟಸ ಮೇಜಿನ ಮೇಲಿಟ್ಟು ಫಲಿತಾಂಶ ಬರುವವರೆಗೆ, ಸಾಮಾನ್ಯವಾಗಿ ಐದು ನಿಮಿಷ, ಮುಟ್ಟದೆ ಇರಬೇಕು. ಕಾರ್ಟ್ರಿಜ್ಜಿನ ಲಾಟ್ ನಂಬರ್ ಮಿಷನ್ನಿನದಕ್ಕೆ ಹೊಂದಬೇಕಾದ ಕಿಟ್ಟುಗಳಿವೆ. ಹಳೇ ಡಬ್ಬಿಯ ಮಿಷನ್ನಿಗೆ ಹೊಸ ಡಬ್ಬಿಯದು ಹಾಕಿದರೆ ಓಡುವುದಿಲ್ಲ.

“8.2 ಅಂತ ಬಂದಿದೆ. ಇದು ಯಾವ ಶುಗರ್?”

ಕೆಲಸ ಹಗುರ, ಗಾಬರಿ ದೊಡ್ಡದು. ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ ಕಡೆಯಿಂದ ಬಂದ ಗ್ಲೂಕೋಮೀಟರುಗಳು ಮಿಲಿಮೋಲ್ ಲೆಕ್ಕದಲ್ಲಿ ತೋರಿಸುತ್ತವೆ. 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕ ಸಿಗುತ್ತದೆ: 8.2 ಅಂದರೆ ಸುಮಾರು 148. ಅದೇ 8.2 ಎ1ಸಿ ಕಿಟ್ಟಿನಲ್ಲಿ ಬಂದರೆ ಶೇಕಡಾ, ಸರಾಸರಿ 189ರ ಹತ್ತಿರ. ಲಂಡನ್ನಿನ ಮಗ ತಂದ ಮೀಟರಿನಲ್ಲಿ 6.1 ನೋಡಿ ‘ಮೂರು ತಿಂಗಳ ಶುಗರ್ ನಾರ್ಮಲ್‌ಗೆ ಬಂತು’ ಅಂತ ಮಾತ್ರೆ ಅರ್ಧ ಮಾಡಿಕೊಂಡವರೊಬ್ಬರು ನನ್ನ ಗಿರಾಕಿ. ಆ ಮೀಟರಿಗೆ ಮೂರು ತಿಂಗಳ ವಿಷಯ ಗೊತ್ತೇ ಇರಲಿಲ್ಲ, ಅದು ಹೇಳಿದ್ದು ಅವತ್ತು ಬೆಳಗಿನ 110. ಇಂಗ್ಲೆಂಡಿನ ಎ1ಸಿ ರಿಪೋರ್ಟ್ ಕೂಡ ಬೇರೆ ಲೆಕ್ಕದಲ್ಲಿ, 53 ಅಂತೆಲ್ಲ ಬರುತ್ತದೆ. ಹೆದರಬೇಡಿ, ಅದು ನಮ್ಮ ಶೇಕಡಾ 7. 48 ಅಂದರೆ 6.5.

ಬೆಳಿಗ್ಗೆ ದಿನಾ 118, ಮೂರು ತಿಂಗಳದ್ದು ಮಾತ್ರ 8.4

ನನ್ನ ಅಂಗಡಿಗೆ ಬರುವ ಜಗಳಗಳಲ್ಲಿ ಅರ್ಧ ಇದೇ. ನೋಟ್‌ಬುಕ್ ತೋರಿಸುತ್ತಾರೆ. 112, 118, 121, 109, ಮುತ್ತು ಪೋಣಿಸಿದ ಹಾಗೆ. “ನೋಡಿ, ಒಂದಾದ್ರೂ ಜಾಸ್ತಿ ಇದ್ಯಾ? ಲ್ಯಾಬಿನೋರು ಯಾರದ್ದೋ ರಿಪೋರ್ಟ್ ಕೊಟ್ಟಿದ್ದಾರೆ.”

ಎ1ಸಿಯನ್ನು ದಿನದ ಸರಾಸರಿ ಶುಗರ್‌ಗೆ ಇಳಿಸುವ ಸೂತ್ರವೊಂದಿದೆ. ಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆಯಿರಿ. 6 ಅಂದರೆ 126, 7 ಅಂದರೆ 154, 8 ಅಂದರೆ 183, 9 ಅಂದರೆ 212, 10 ಅಂದರೆ 240. ಮೇಲಿನವರ 8.4ಕ್ಕೆ ಸರಾಸರಿ 194 ಬರುತ್ತದೆ. ಬೆಳಿಗ್ಗೆ ಆರಕ್ಕೆ 118 ಇದ್ದೂ ಸರಾಸರಿ 194 ಇರಬೇಕಾದರೆ ದಿನದ ಇನ್ಯಾವುದೋ ಹೊತ್ತಿನಲ್ಲಿ ಅದು 194ಕ್ಕಿಂತ ಬಹಳ ಮೇಲೆ ಹೋಗಿ ಕೂತಿರಬೇಕು. ಆ ಹೊತ್ತನ್ನು ಯಾರೂ ನೋಡಿಲ್ಲ, ಅಷ್ಟೇ. ರಾತ್ರಿಯಿಡೀ ಉಪವಾಸವಿದ್ದ ದೇಹವನ್ನು ಬೆಳಿಗ್ಗೆ ಕೇಳಿದರೆ ಅದು ಸಾಧುವಿನ ಹಾಗೆಯೇ ಮಾತಾಡುತ್ತದೆ.

ಖರ್ಚು ಕಡಿಮೆಯ ಪರೀಕ್ಷೆ ಇದು. ಮೂರು ದಿನ ಆರಿಸಿಕೊಳ್ಳಿ, ಅದರಲ್ಲಿ ಒಂದು ಭಾನುವಾರ ಇರಲಿ. ತಿಂಡಿಗೆ ಮುಂಚೆ, ಮೂರೂ ಊಟದ ಎರಡು ಗಂಟೆ ನಂತರ, ಮಲಗುವಾಗ. ದಿನಕ್ಕೆ ಐದು ಸ್ಟ್ರಿಪ್. ಎರಡು ಗಂಟೆ ಅನ್ನುವುದನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದ ಮೇಲಿಂದ ಅಲ್ಲ. ಮುಖ್ಯವಾಗಿ, ಆ ಮೂರು ದಿನ ಒಳ್ಳೆಯವರಾಗಬೇಡಿ. ಎಂದಿನಂತೆಯೇ ತಿನ್ನಿ.

ನೋಟ್‌ಬುಕ್ ತಂದ ಆ ಯಜಮಾನರು, ಕೊಬ್ಬರಿ ಮಂಡಿಯವರು, ಬೈದುಕೊಂಡೇ ಮಾಡಿದರು. ಮೊದಲ ದಿನದ ಪುಟ ನನಗೆ ಇನ್ನೂ ನೆನಪಿದೆ. ಬೆಳಿಗ್ಗೆ 116. ನಾಲ್ಕು ಇಡ್ಲಿ, ಒಂದು ವಡೆ, ಕಾಫಿ ಆದಮೇಲೆ 221. ಮಧ್ಯಾಹ್ನ ಒಂದು ಮುದ್ದೆ, ಮೇಲೆ ಎರಡು ಸೌಟು ಅನ್ನ, ಆಮೇಲೆ 238. ರಾತ್ರಿ ಊಟ ಹತ್ತಕ್ಕೆ, ಎರಡು ಗಂಟೆ ಬಿಟ್ಟು ನಿದ್ದೆಗಣ್ಣಲ್ಲಿ ನೋಡಿದ್ದು 243. “ಮುದ್ದೆಗೆ ಶುಗರ್ ಏರಲ್ಲ ಅಂತಾರಲ್ಲ?” ಅಂದರು. ರಾಗಿಯಲ್ಲಿ ನಾರೂ ಸುಣ್ಣದಂಶವೂ ಇದೆ, ಒಳ್ಳೆಯ ಧಾನ್ಯವೇ. ಆದರೆ ಅದೂ ಪಿಷ್ಟವೇ, ನುಣ್ಣಗೆ ಬೀಸಿ ಬೇಯಿಸಿದ ಮುದ್ದೆ ಬೇಗ ಕರಗುತ್ತದೆ. ಮುದ್ದೆಯ ಗಾತ್ರ, ಮೇಲಿನ ಅನ್ನ, ಎರಡಕ್ಕೂ ಲೆಕ್ಕವಿದೆ. ಸಾಮಾನ್ಯವಾಗಿ ದೊಡ್ಡವರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟದ ನಂತರ 180ರ ಒಳಗೆ ಅನ್ನುವುದು ಗುರಿ. ವಯಸ್ಸಾದವರಿಗೆ, ಶುಗರ್ ಪದೇಪದೇ ಇಳಿಯುವವರಿಗೆ ಡಾಕ್ಟರು ಗುರಿಯನ್ನು ಸಡಿಲ ಮಾಡಿರುತ್ತಾರೆ. ಅದನ್ನು ಅವರನ್ನೇ ಕೇಳಬೇಕು.

ಇಂಥ ಮೂರು ದಿನದ ಪುಟ ಕೈಲಿದ್ದರೆ ಡಾಕ್ಟರಿಗೆ ಕೆಲಸ ಸುಲಭ. ಯಾವ ಹೊತ್ತಿನ ಮಾತ್ರೆ, ಯಾವ ಹೊತ್ತಿನ ತಟ್ಟೆ ಅಂತ ಗೊತ್ತಾಗುತ್ತದೆ. ನೀವೇ ಮಾತ್ರೆ ಏರಿಸಿಕೊಳ್ಳಬೇಡಿ. ಊಟದ ನಂತರದ 240 ನೋಡಿ ರಾತ್ರಿ ಮಾತ್ರೆ ಎರಡು ಮಾಡಿಕೊಂಡರೆ ಬೆಳಗಿನ 116 ನಾಳೆ ಜಾವ ಮೂರಕ್ಕೆ 50 ಆಗಬಹುದು.

ಮೊಬೈಲ್ ಆ್ಯಪ್ ತೋರಿಸುವ ‘ಅಂದಾಜು ಎ1ಸಿ’ಯ ರೋಗವೂ ಇದೇ. ನೀವು ಬರೀ ಬೆಳಗಿನ ನಂಬರ್ ಹಾಕಿದರೆ ಅದು ಬರೀ ಬೆಳಗಿನ ಸರಾಸರಿಯನ್ನೇ ಎ1ಸಿ ಮಾಡಿ 5.7 ಅಂತ ಬೆನ್ನು ತಟ್ಟುತ್ತದೆ.

ಒಂದು ತಿಂಗಳಿಂದ ಕಟ್ಟುನಿಟ್ಟು, ಎ1ಸಿ ಇಳಿದಿಲ್ಲ

ಬೇಗ ನೋಡಿದ್ದೀರಿ. ಎ1ಸಿಯಲ್ಲಿ ಸುಮಾರು ಅರ್ಧ ಪಾಲು ಕಳೆದ ಒಂದು ತಿಂಗಳದ್ದು, ಉಳಿದರ್ಧ ಅದಕ್ಕೂ ಹಿಂದಿನ ತಿಂಗಳುಗಳದ್ದು. ಹಳೇ ಸಾಲ ಇನ್ನೂ ಲೆಕ್ಕದಲ್ಲಿದೆ. ಔಷಧಿ ಬದಲಾಗಿದ್ದರೆ ಮೂರು ತಿಂಗಳಿಗೊಮ್ಮೆ, ಶುಗರ್ ಹತೋಟಿಯಲ್ಲಿದ್ದರೆ ವರ್ಷಕ್ಕೆರಡು ಸಲ ಸಾಕು. ಕಿಟ್ ಮನೆಯಲ್ಲಿದೆ ಅಂತ ಹದಿನೈದು ದಿನಕ್ಕೊಮ್ಮೆ ನೋಡುವುದು ಮೊಳಕೆ ಬಂತಾ ಅಂತ ಬಿತ್ತಿದ ಬೀಜ ಕೆದಕಿದ ಹಾಗೆ.

ಊಟದ ಮುಂಚೆ, ಊಟದ ನಂತರ, ಎಲ್ಲ ನೋಡಿದೆ. ಆದರೂ ಎ1ಸಿಗೂ ಮಿಷನ್ನಿಗೂ ಹೊಂದುತ್ತಿಲ್ಲ

ಇಲ್ಲಿಂದ ಮುಂದೆ ಕೈಯದೂ ಅಲ್ಲ, ಸ್ಟ್ರಿಪ್ಪಿನದೂ ಅಲ್ಲ. ಅನುಮಾನ ರಕ್ತದ ಮೇಲೆ. ಎ1ಸಿ ಲೆಕ್ಕವೆಲ್ಲ ಕೆಂಪುಕಣ 120 ದಿನ ಬದುಕುತ್ತದೆ ಅನ್ನುವ ನಂಬಿಕೆಯ ಮೇಲೆ ನಿಂತಿದೆ. ಕಣ ಅದಕ್ಕಿಂತ ಹೆಚ್ಚು ದಿನ ಉಳಿದರೆ ಸಕ್ಕರೆ ಹೆಚ್ಚು ಅಂಟುತ್ತದೆ, ಬೇಗ ಸತ್ತರೆ ಅಂಟಲು ಹೊತ್ತೇ ಸಿಗುವುದಿಲ್ಲ.

ನಮ್ಮಲ್ಲಿ ಹೆಚ್ಚು ಕಾಣುವುದು ಕಬ್ಬಿಣದಂಶದ ಕೊರತೆಯ ರಕ್ತಹೀನತೆ. ಇದರಲ್ಲಿ ಎ1ಸಿ ಸುಳ್ಳೇ ಏರಿ ಕಾಣಬಹುದು. ಮೂವತ್ತನಾಲ್ಕರ ಹೆಣ್ಣುಮಗಳೊಬ್ಬಳು, ಅತ್ತೆಗೆಂದು ತಂದ ಕಿಟ್ಟಿನಲ್ಲಿ ಕುತೂಹಲಕ್ಕೆ ತಾನೂ ನೋಡಿಕೊಂಡು 6.6 ಬಂತೆಂದು ಅಳುತ್ತಾ ಬಂದಳು. 6.5 ದಾಟಿದರೆ ಸಕ್ಕರೆ ಕಾಯಿಲೆ ಅಂತ ಓದಿದ್ದಳು. ಗ್ಲೂಕೋಮೀಟರಿನಲ್ಲಿ ಖಾಲಿ ಹೊಟ್ಟೆಗೆ 92, ಊಟದ ಮೇಲೆ 118. ಕಣ್ಣಿನ ರೆಪ್ಪೆ ಇಳಿಸಿ ನೋಡಿದರೆ ಸುಣ್ಣದ ಹಾಗೆ ಬೆಳ್ಳಗೆ. “ತಿಂಗಳ ಸ್ರಾವ ಜಾಸ್ತಿ ಇದ್ಯೇನಮ್ಮ?” ಅಂತ ನನ್ನ ಹೆಂಡತಿ ಪಕ್ಕಕ್ಕೆ ಕರೆದು ಕೇಳಿದಳು. ಡಾಕ್ಟರ ಹತ್ತಿರ ಕಳಿಸಿದೆವು. ಹಿಮೋಗ್ಲೋಬಿನ್ 8.1 ಇತ್ತು. ಕಬ್ಬಿಣದ ಮಾತ್ರೆ ಆರು ತಿಂಗಳು ನುಂಗಿ ರಕ್ತ ತುಂಬಿಕೊಂಡ ಮೇಲೆ ಲ್ಯಾಬಿನ ಎ1ಸಿ 5.6. ಮನೆ ಕಿಟ್ಟಿನ ಒಂದು ನಂಬರಿನಿಂದ ಕಾಯಿಲೆ ಇದೆ ಅಂತಲೋ ಇಲ್ಲ ಅಂತಲೋ ತೀರ್ಮಾನಿಸಬಾರದು ಅಂತ ನಾನು ಹೇಳುವುದು ಇದಕ್ಕೇ. ಬಿ12 ಕೊರತೆಯಲ್ಲೂ ಎ1ಸಿ ಏರಿ ಕಾಣಬಹುದು, ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಇಳಿಯುವುದು ಸಾಮಾನ್ಯ.

ಸುಳ್ಳೇ ಇಳಿದು ಕಾಣುವುದು ಹೆಚ್ಚು ಅಪಾಯ, ಏಕೆಂದರೆ ಖುಷಿಯಾಗಿ ಸುಮ್ಮನಿದ್ದುಬಿಡುತ್ತೇವೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಕೆಂಪುಕಣ ಹೆಚ್ಚಿಸುವ ಎರಿಥ್ರೋಪೊಯಿಟಿನ್ ಇಂಜೆಕ್ಷನ್ ತಗೊಳ್ಳುವವರು, ಹೊಸದಾಗಿ ಕಬ್ಬಿಣದ ಚಿಕಿತ್ಸೆಯಲ್ಲಿರುವವರು, ಇತ್ತೀಚೆಗೆ ರಕ್ತ ಕಳೆದುಕೊಂಡವರು, ಗರ್ಭಿಣಿಯರು, ಇವರಲ್ಲಿ ಎ1ಸಿ ನಿಜಕ್ಕಿಂತ ಕಡಿಮೆ ತೋರಬಹುದು. ರಕ್ತ ಹಾಕಿಸಿಕೊಂಡಿದ್ದರೆ ಕೆಲವು ತಿಂಗಳು ಆ ಪರೀಕ್ಷೆಯನ್ನೇ ನಂಬುವ ಹಾಗಿಲ್ಲ. ಬಸುರಿನಲ್ಲಿ ಬರುವ ಸಕ್ಕರೆಗೆ ಎ1ಸಿ ಕಿಟ್ ಬೇಡವೇ ಬೇಡ. ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆ, ಆಮೇಲೆ ಗ್ಲೂಕೋಮೀಟರ್, ಅದೇ ದಾರಿ.

ಹುಟ್ಟಿನಿಂದ ಬಂದ ಹಿಮೋಗ್ಲೋಬಿನ್ ವ್ಯತ್ಯಾಸಗಳೂ ಇವೆ: ಸಿಕಲ್ ಸೆಲ್, ಥಲಸ್ಸೀಮಿಯಾ. ಚಾಮರಾಜನಗರ, ಮೈಸೂರು ಕಡೆಯ ಕಾಡಂಚಿನ ಸೋಲಿಗ, ಜೇನುಕುರುಬ ಸಮುದಾಯಗಳಲ್ಲಿ ಸಿಕಲ್ ಸೆಲ್ ಇರುವುದು ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ತಪಾಸಣೆ ಆಗಿದ್ದು ಕಾರ್ಡ್ ಇದ್ದರೆ ಅದನ್ನು ಡಾಕ್ಟರಿಗೆ ತೋರಿಸಿ. ಇಂಥವರಲ್ಲಿ ಎ1ಸಿ ಬದಲು ಫ್ರಕ್ಟೋಸಮೈನ್ ಅನ್ನುವ ಲ್ಯಾಬ್ ಪರೀಕ್ಷೆ ಬರೆಯುವುದುಂಟು. ಅದು ಕೆಂಪುಕಣದ ಗೊಡವೆಗೆ ಹೋಗದೆ ರಕ್ತದ ಪ್ರೋಟೀನಿಗೆ ಅಂಟಿದ ಸಕ್ಕರೆ ನೋಡಿ ಎರಡು ಮೂರು ವಾರದ ಸರಾಸರಿ ಹೇಳುತ್ತದೆ.

ರಕ್ತಹೀನತೆ ಗ್ಲೂಕೋಮೀಟರನ್ನೂ ಬಿಡುವುದಿಲ್ಲ. ಕೆಂಪುಕಣ ಕಡಿಮೆಯಿದ್ದರೆ ಬಹಳಷ್ಟು ಮೀಟರುಗಳು ನಿಜಕ್ಕಿಂತ ಹೆಚ್ಚು ತೋರಿಸುತ್ತವೆ. ಅದಕ್ಕೆ ಈ ಹಂತಕ್ಕೆ ಬಂದವರಿಗೆ ನನ್ನದು ಒಂದೇ ಮಾತು: ಇನ್ನು ಸ್ಟ್ರಿಪ್ ಖರ್ಚು ಮಾಡಬೇಡಿ, ಒಂದು ಸಿಬಿಸಿ (ರಕ್ತಕಣಗಳನ್ನೆಲ್ಲ ಎಣಿಸುವ ಲ್ಯಾಬ್ ಪರೀಕ್ಷೆ) ಮಾಡಿಸಿ.

ಮನೆ ಕಿಟ್ 7.1, ಲ್ಯಾಬ್ 7.6

ಅರ್ಧ ಅಂಕದ ಒಳಗಿನ ಜಗಳಕ್ಕೆ ನಾನು ಪಂಚಾಯ್ತಿ ಮಾಡುವುದಿಲ್ಲ. ಎರಡು ಒಳ್ಳೆಯ ಲ್ಯಾಬುಗಳ ನಡುವೆಯೇ ಸ್ವಲ್ಪ ವ್ಯತ್ಯಾಸ ಇರುತ್ತದೆ. 7.1 ಹೋಗಿ 6.9 ಆಯಿತೆಂದು ಜಾಮೂನು ತಿನ್ನುವುದೂ ಬೇಡ, 7.3 ಆಯಿತೆಂದು ಊಟ ಬಿಡುವುದೂ ಬೇಡ. ಒಂದೇ ಕಿಟ್, ಇಲ್ಲವೇ ಒಂದೇ ಲ್ಯಾಬ್ ಹಿಡಿದುಕೊಂಡು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ವ್ಯತ್ಯಾಸ ಒಂದು ಅಂಕದಷ್ಟಿದ್ದರೆ ಲ್ಯಾಬಿನದನ್ನು ನಂಬಿ. ಅದರಲ್ಲೂ ‘ಎಚ್‌ಪಿಎಲ್‌ಸಿ’ ವಿಧಾನ (ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವುದು) ಅಂತ ರಿಪೋರ್ಟಿನಲ್ಲಿ ಬರೆದಿದ್ದರೆ ಒಳ್ಳೆಯದು, ಹಿಮೋಗ್ಲೋಬಿನ್ನಿನಲ್ಲಿ ಏನಾದರೂ ಬೇರೆ ಬಗೆ ಇದ್ದರೆ ಅದರ ಗ್ರಾಫಿನಲ್ಲಿ ಬಹಳ ಸಲ ಬೇರೆ ಗೆರೆಯಾಗಿ ಕಾಣುತ್ತದೆ. ಎನ್‌ಎಬಿಎಲ್ ಗುರುತಿದೆಯೇ ನೋಡಿ, ಲ್ಯಾಬಿನ ಗುಣಮಟ್ಟಕ್ಕೆ ಸಿಗುವ ಮಾನ್ಯತೆ ಅದು. ಕಾಗದದ ಮೇಲೆ ರಕ್ತದ ಹನಿ ಒಣಗಿಸಿ ಕೊರಿಯರ್ ಮಾಡುವ ಕಿಟ್ಟಾದರೆ ಹನಿ ಪೂರ್ತಿ ಆರಿದ ಮೇಲಷ್ಟೇ ಮಡಚಬೇಕು, ಬಿಸಿಲಲ್ಲಿ ಇಟ್ಟು ಆರಿಸಬಾರದು.

ಗ್ಲೂಕೋಮೀಟರನ್ನು ಲ್ಯಾಬಿನ ಜೊತೆ ತಾಳೆ ನೋಡುವುದಾದರೆ ಖಾಲಿ ಹೊಟ್ಟೆಯಲ್ಲೇ ನೋಡಿ. ಊಟದ ನಂತರ ಬೆರಳ ರಕ್ತದಲ್ಲಿ ಸಕ್ಕರೆ ತೋಳಿನ ನರದ ರಕ್ತಕ್ಕಿಂತ ಹೆಚ್ಚೇ ಇರುತ್ತದೆ, ಅದು ಮಿಷನ್ನಿನ ತಪ್ಪಲ್ಲ. ಲ್ಯಾಬಿನ ಹುಡುಗ ರಕ್ತ ತೆಗೆದ ಐದು ನಿಮಿಷದೊಳಗೆ ನೀವು ಬೆರಳು ಚುಚ್ಚಿ ಬರೆದುಕೊಳ್ಳಿ. ಅವನು ಬೂದು ಮುಚ್ಚಳದ ಕೊಳವೆಗೆ ಹಾಕಿದನೇ ಗಮನಿಸಿ. ಕೊಳವೆಯಲ್ಲೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇಕಡಾ 5ರಿಂದ 7ರಷ್ಟು. ಬೂದು ಮುಚ್ಚಳದೊಳಗಿನ ಫ್ಲೋರೈಡ್ ಅದಕ್ಕೆ ಕಡಿವಾಣ. ಹತ್ತು ಮನೆ ಸುತ್ತಿ ಮಧ್ಯಾಹ್ನ ಲ್ಯಾಬ್ ಸೇರಿದ ಬೇರೆ ಕೊಳವೆಯ ರಕ್ತದಲ್ಲಿ ನಿಮ್ಮ 140 ಹೋಗಿ 110 ಆಗಿದ್ದರೆ ಅವತ್ತು ಸರಿ ಹೇಳಿದ್ದು ನಿಮ್ಮ ಮನೆ ಮಿಷನ್ನೇ.

ಚುಚ್ಚಿದ ಸೂಜಿ ಏನು ಮಾಡೋದು?

ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಒಂದು ಲ್ಯಾನ್ಸೆಟ್ (ಬೆರಳು ಚುಚ್ಚುವ ಸೂಜಿ) ಒಬ್ಬರಿಗೆ, ಒಂದು ಸಲಕ್ಕೆ. ಗಂಡ ಹೆಂಡತಿ ಇಬ್ಬರಿಗೂ ಶುಗರ್ ಇದೆ ಅಂತ ಒಂದೇ ಚುಚ್ಚುವ ಪೆನ್ನು ಹಂಚಿಕೊಳ್ಳುವ ಮನೆಗಳಿವೆ. ಸೂಜಿ ಬದಲಿಸಿದರೂ ಪೆನ್ನಿನ ಮೂತಿಗೆ ರಕ್ತ ಹತ್ತಿರುತ್ತದೆ, ಹೆಪಟೈಟಿಸ್ ಬಿ ಹರಡಲು ಅಷ್ಟು ಸಾಕು. ಎರಡು ಪೆನ್ನು ಇಟ್ಟುಕೊಳ್ಳಿ, ಬಣ್ಣ ಬೇರೆ ಇರಲಿ. ಬಳಸಿದ ಸೂಜಿಗಳನ್ನು ಹಸಿ ಕಸಕ್ಕೂ ಒಣ ಕಸಕ್ಕೂ ಹಾಕಬೇಡಿ. ದಪ್ಪ ಪ್ಲಾಸ್ಟಿಕ್ಕಿನ ಫಿನಾಯಿಲ್ ಬಾಟಲಿ ಖಾಲಿಯಾದಾಗ ಎತ್ತಿಡಿ, ಅದರೊಳಗೆ ಹಾಕುತ್ತಾ ಹೋಗಿ, ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿದು ಟೇಪ್ ಸುತ್ತಿ ‘ಸೂಜಿ’ ಅಂತ ದೊಡ್ಡದಾಗಿ ಬರೆದು ಕಸದ ಗಾಡಿಯವರ ಕೈಗೆ ಪ್ರತ್ಯೇಕವಾಗಿ ಕೊಡಿ. ನಮ್ಮ ಬೀದಿಯ ಗಾಡಿಗೆ ಬರುವ ಹೆಂಗಸು ಕೈಗವಸು ಇಲ್ಲದೆ ಕಸ ಬೇರ್ಪಡಿಸುವುದನ್ನು ನಾನು ದಿನಾ ಬೆಳಿಗ್ಗೆ ಶಟರ್ ಎತ್ತುವಾಗ ನೋಡುತ್ತೇನೆ.